ಕಾರಿಲ್ಲದ ದಾರಿ ಯಾರದು?

ರಜೆಯ ದಿನ ಸೈಕಲ್ ಹತ್ತಿ ಹೊರಟರೆ ಹತ್ತು ನಿಮಿಷದಲ್ಲಿ ನಮ್ಮ ಊರು ಮುಗಿಯುತ್ತದೆ. ಕೊನೆಯ ಮನೆ, ಅದರ ಪಕ್ಕ ಸೌದೆ ಒಟ್ಟಿದ ಶೆಡ್ಡು, ಆಮೇಲೆ ಜಲ್ಲಿ ದಾರಿ. ಅಲ್ಲಿಂದ ಮುಂದೆ ಎರಡು ಮೂರು ಗಂಟೆ ತುಳಿದರೂ ಹಿಂದಿನಿಂದ ಒಂದು ಹಾರ್ನ್ ಕೇಳಿಸುವುದಿಲ್ಲ. ಗೋಧಿ ಹೊಲ, ದ್ರಾಕ್ಷಿ ತೋಟ, ಸೇಬಿನ ಮರಗಳ ಸಾಲು, ಸ್ವಲ್ಪ ಕಾಡು, ಮತ್ತೆ ಹೊಲ. ಇವು ಕಷ್ಟಪಟ್ಟು ಹುಡುಕಿಕೊಂಡು ಹೋಗಬೇಕಾದ ಕಾಲುದಾರಿಗಳೂ ಅಲ್ಲ. ಮೂರು ಮೀಟರ್ ಅಗಲ ಇವೆ. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ ಹಾಕಿ, ನೀರು ನಿಲ್ಲದ ಹಾಗೆ ಮಧ್ಯೆ ಚೂರು ಉಬ್ಬಿಸಿ ಕಟ್ಟಿದ್ದಾರೆ. ಕಾರು ಆರಾಮಾಗಿ ಹೋಗಬಹುದು. ಆದರೂ ಹೋಗುವುದಿಲ್ಲ. ಯಾಕೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನಾನಿರುವುದು ಜರ್ಮನಿಯ ನೈಋತ್ಯ ಭಾಗದಲ್ಲಿ, ವೀಸ್‌ಲೋಖ್ ಅನ್ನುವ ಊರಿನ ಹತ್ತಿರ. ಪಶ್ಚಿಮಕ್ಕೆ ರೈನ್ ನದಿಯ ಬಯಲು, ಚಪ್ಪಟೆ ನೆಲ. ಪೂರ್ವಕ್ಕೆ ತಿರುಗಿದರೆ ಕ್ರೈಶ್‌ಗೌ ಶುರುವಾಗುತ್ತದೆ. ಉತ್ತರದ ಓಡನ್‌ವಾಲ್ಡ್ ಬೆಟ್ಟಗಳಿಗೂ ದಕ್ಷಿಣದ ಬ್ಲ್ಯಾಕ್ ಫಾರೆಸ್ಟ್‌ಗೂ ನಡುವೆ ತಗ್ಗಾಗಿ ಹರಡಿಕೊಂಡ ಸೀಮೆ ಇದು. ಸಾವಿರ ಗುಡ್ಡಗಳ ನಾಡು ಅಂತ ಇಲ್ಲಿನವರು ಕರೆಯುತ್ತಾರೆ. ಗುಡ್ಡಗಳು ಬಹುತೇಕ 200ರಿಂದ 300 ಮೀಟರ್ ಎತ್ತರದವು, ಅಷ್ಟೇ. ಏರು ಮುಗಿಯಿತು ಅನ್ನುವಷ್ಟರಲ್ಲಿ ಇಳಿಜಾರು, ಕೆಳಗೊಂದು ತೊರೆ, ತೊರೆ ಪಕ್ಕ ಒಂದು ಹಳ್ಳಿ, ಮತ್ತೆ ಏರು. ಹೈಡೆಲ್‌ಬರ್ಗ್ ಕೋಟೆ ನೋಡಿ ಬ್ಲ್ಯಾಕ್ ಫಾರೆಸ್ಟ್ ಕಡೆ ಹೊರಟವರು ಹೆದ್ದಾರಿಯಲ್ಲಿ ಇದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಪಕ್ಕದ ವಾಲ್ಡೋರ್ಫ್‌ನಲ್ಲಿ ಎಸ್‌ಎಪಿ ಅನ್ನುವ ಸಾಫ್ಟ್‌ವೇರ್ ಕಂಪನಿಯ ಮುಖ್ಯ ಕಚೇರಿ ಇರುವುದರಿಂದ ಬೆಂಗಳೂರಿನ ಕಡೆಯವರು ಈ ಸುತ್ತಿನಲ್ಲಿ ಸಾಕಷ್ಟು ಜನ ಇದ್ದೇವೆ. ಶನಿವಾರ ಬಂತೆಂದರೆ ನಮ್ಮಲ್ಲಿ ಹಲವರು ಸ್ವಿಟ್ಜರ್‌ಲೆಂಡ್ ಕಡೆ ಗಾಡಿ ತಿರುಗಿಸುತ್ತಾರೆ. ಮನೆ ಹಿಂದಿನ ಗುಡ್ಡಕ್ಕೂ ಒಮ್ಮೆ ಹೋಗಿ ಬನ್ನಿ ಅಂತ ಅವರಿಗೆ ಹೇಳಬೇಕು ಅನಿಸುತ್ತದೆ. ಇದನ್ನು ಬರೆಯಲು ಅದೂ ಒಂದು ಕಾರಣ.

ಬೋರ್ಡಿನಲ್ಲಿ ಸೈಕಲ್ ಇಲ್ಲ

ಊರು ಮುಗಿದು ಜಲ್ಲಿ ಶುರುವಾಗುವ ಕಡೆ ಒಂದು ಗುಂಡಗಿನ ಬೋರ್ಡು ಇರುತ್ತದೆ. ಕೆಂಪು ಅಂಚು, ಒಳಗೆ ಬಿಳಿ, ಬಿಳಿಯಲ್ಲಿ ಮೇಲೊಂದು ಮೋಟಾರ್ ಸೈಕಲ್, ಕೆಳಗೊಂದು ಕಾರು. ಜರ್ಮನಿಯ ಸಂಚಾರ ನಿಯಮದಲ್ಲಿ ಇದರ ಸಂಖ್ಯೆ 260. ಮೋಟಾರ್ ಇರುವ ವಾಹನಗಳಿಗೆ ಪ್ರವೇಶವಿಲ್ಲ ಅಂತ ಅರ್ಥ. ಅದರ ಕೆಳಗೆ ಒಂದು ಚಿಕ್ಕ ಹಲಗೆ: ಹೊಲ ಮತ್ತು ಕಾಡಿನ ಕೆಲಸಕ್ಕೆ ಹೋಗುವವರಿಗೆ ಅಡ್ಡಿಯಿಲ್ಲ. ಟ್ರ್ಯಾಕ್ಟರ್ ಹೋಗಬಹುದು, ಕಟಾವು ಯಂತ್ರ ಹೋಗಬಹುದು, ದ್ರಾಕ್ಷಿ ತೋಟದ ಯಜಮಾನ ತನ್ನ ವ್ಯಾನಿನಲ್ಲಿ ಹೋಗಬಹುದು. ನಡೆಯುವವರು, ನಾಯಿ ಕರೆದುಕೊಂಡು ಬರುವವರು, ಸೈಕಲ್ಲಿನವರು ಧಾರಾಳವಾಗಿ ಹೋಗಬಹುದು. ಅಂದರೆ ಸೈಕಲ್ಲಿಗೆ ಅಂತ ಯಾರೂ ಏನೂ ಮಾಡಿಲ್ಲ. ನೀಲಿ ಬಣ್ಣ ಬಳಿದಿಲ್ಲ, ಉದ್ಘಾಟನೆಯ ಕಲ್ಲು ನೆಟ್ಟಿಲ್ಲ. ರೈತರಿಗಾಗಿ ಇರುವ ದಾರಿಗೆ ಕಾರನ್ನು ಬರಬೇಡ ಅಂದಿದ್ದಾರೆ. ಉಳಿದಿದ್ದು ನಮ್ಮ ಪಾಲಿಗೆ ಬಂದಿದೆ.

ಬೋರ್ಡು ಒಂದಿದ್ದರೆ ಜನ ಕೇಳುತ್ತಾರಾ ಅಂತ ನೀವು ಕೇಳಬಹುದು. ದಂಡ ಇದೆ, ನಿಜ. ಆದರೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ಈ ದಾರಿಗಳಿಂದ ಕಾರಿಗೆ ಲಾಭವಿಲ್ಲ. ಹಳ್ಳಿಯಿಂದ ಹಳ್ಳಿಗೆ ಒಳ್ಳೆಯ ಡಾಂಬರು ರಸ್ತೆ ಕಣಿವೆಯಲ್ಲಿ ಬೇರೆಯಾಗಿಯೇ ಹೋಗುತ್ತದೆ. ಜಲ್ಲಿ ದಾರಿ ಹೊಲದ ಅಂಚು ಹಿಡಿದು, ಬಳಸಿಕೊಂಡು, ಗುಡ್ಡದ ನೆತ್ತಿ ಹತ್ತಿ ಹೋಗುತ್ತದೆ. ಅವಸರದಲ್ಲಿರುವವರಿಗೆ ಅದು ಬೇಡ. ನನಗೆ ಆ ಬಳಸುವುದೇ ಇಷ್ಟ.

ಇಂಥ ದಾರಿಗಳನ್ನು ಹುಡುಕಲು ಇಲ್ಲಿ ಹೆಚ್ಚಿನವರು ಕೋಮೂಟ್ ಅನ್ನುವ ಆ್ಯಪ್ ಬಳಸುತ್ತಾರೆ. ಅದರ ಕೆಳಗಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್, ಜನರೇ ಸೇರಿ ಮಾಡಿದ ನಕ್ಷೆ. ಅದರಲ್ಲಿ ಹೊಲದ ದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಇದೆ. ಒಂದು ಅಂದರೆ ಡಾಂಬರು ಅಥವಾ ಕಾಂಕ್ರೀಟಿನಷ್ಟು ಗಟ್ಟಿ. ಐದು ಅಂದರೆ ಬರೀ ಮಣ್ಣು, ಹುಲ್ಲು. ಎರಡನೆಯ ದರ್ಜೆ ನನಗೆ ಬಹಳ ಇಷ್ಟ. ಗಟ್ಟಿ ಜಲ್ಲಿ, ಚಕ್ರ ಓಡುವ ಎರಡು ಬಿಳಿ ಗೆರೆ, ಮಧ್ಯೆ ಒಂದು ಪಟ್ಟಿ ಹುಲ್ಲು. ಯಾರೋ ಒಬ್ಬರು ಮಳೆಗಾಲದಲ್ಲೋ ಚಳಿಯಲ್ಲೋ ಈ ದಾರಿಯಲ್ಲಿ ನಡೆದು, ಇದು ಎರಡನೆಯ ದರ್ಜೆ ಅಂತ ತೀರ್ಮಾನಿಸಿ, ಮನೆಗೆ ಹೋಗಿ ಬರೆದಿಟ್ಟಿದ್ದಾರೆ. ನನಗೆ ಅವರ ಪರಿಚಯವಿಲ್ಲ. ನನ್ನ ಪ್ರತಿ ಸವಾರಿಯಲ್ಲೂ ಅವರ ಋಣ ಇದೆ.

ಅಪ್ಪನ ಪ್ರಶ್ನೆ

ಅಪ್ಪ ತಿಪಟೂರು ಕಡೆಯ ರೈತ. ತೆಂಗು, ರಾಗಿ, ಸ್ವಲ್ಪ ಹುರುಳಿ. ಒಂದು ಮೇ ತಿಂಗಳಲ್ಲಿ ಇಲ್ಲಿಗೆ ಬಂದಿದ್ದರು. ಸಾಸಿವೆ ಜಾತಿಯ ರೇಪ್‌ಸೀಡ್ ಬೆಳೆ ಹೂ ಬಿಡುವ ಕಾಲ, ಗುಡ್ಡದ ಮೇಲೆಲ್ಲ ಹಳದಿ ಚೌಕಗಳು. ನಾನು ಅವರನ್ನು ಮಾಲ್ಷ್ ಹಳ್ಳಿಯ ಮೇಲಿರುವ ಲೆಟ್ಸನ್‌ಬರ್ಗ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ತುದಿಯಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ, ಸುತ್ತ ದ್ರಾಕ್ಷಿ, ಪಶ್ಚಿಮಕ್ಕೆ ಇಡೀ ರೈನ್ ಬಯಲು ಕಾಣಿಸುತ್ತದೆ. ಬಂದವರೆಲ್ಲ ಅಲ್ಲಿ ನಿಂತು ದೂರ ನೋಡುತ್ತಾರೆ. ಅಪ್ಪ ಕೆಳಗೆ ನೋಡುತ್ತಿದ್ದರು. ಜಲ್ಲಿಯನ್ನು ಚಪ್ಪಲಿಯಲ್ಲಿ ಒಮ್ಮೆ ಕೆದಕಿದರು. ದಾರಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಕಣ್ಣಲ್ಲೇ ಅಳೆದರು. ಆಮೇಲೆ ಕೇಳಿದರು.

"ಈ ದಾರಿ ಯಾರ ಹೊಲದಾಗೆ ಹೋಗೈತಮ್ಮ?"

"ಸರ್ಕಾರದ್ದು ಇರಬೇಕಪ್ಪ."

"ಸರ್ಕಾರ ಏನ್ ಹೊಲ ಉಳ್ತಿತ್ತಾ? ಮೊದ್ಲು ಯಾರ್ದೋ ಇದ್ದಿರ್ಬೇಕು. ಅವ್ರು ಯಾಕೆ ಬಿಟ್ಕೊಟ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ದಿನ ನಾನು ಕೇಳಿಕೊಂಡಿದ್ದು ಕಾರು ಯಾಕಿಲ್ಲ ಅಂತ. ಅಪ್ಪ ಕೇಳಿದ್ದು ದಾರಿ ಯಾಕಿದೆ ಅಂತ. ಅದು ಹೆಚ್ಚು ಸರಿಯಾದ ಪ್ರಶ್ನೆ ಅನಿಸಿತು. ಅವರಿಗೆ ಆ ಪ್ರಶ್ನೆ ಸುಮ್ನೆ ಬಂದಿದ್ದಲ್ಲ. ನಮ್ಮ ಊರಿನಲ್ಲಿ ಕೆರೆ ಏರಿಯಿಂದ ನಮ್ಮ ಕೆಳಗಿನ ಹೊಲಕ್ಕೆ ಒಂದು ಬಂಡಿ ದಾರಿ ಇತ್ತು. ಗ್ರಾಮದ ನಕಾಶೆಯಲ್ಲಿ ಈಗಲೂ ಇದೆ. ಅಣ್ಣತಮ್ಮಂದಿರ ಪಾಲಾದಾಗ, ಬದು ಒತ್ತಿದಾಗ, ತಂತಿ ಬೇಲಿ ಬಂದಾಗ, ಒಬ್ಬೊಬ್ಬರು ಒಂದೊಂದು ಸಾಲು ಉಳುತ್ತಾ ಹೋದರು. ದಾರಿ ಸಣ್ಣಗಾಗಿ, ಕಾಲುದಾರಿಯಾಗಿ, ಕೊನೆಗೆ ಬೇರೆಯವರ ತೋಟದೊಳಗೆ ಕೇಳಿಕೊಂಡು ಹೋಗುವ ಸ್ಥಿತಿ ಬಂತು. ಸರ್ವೆ ಮಾಡಿಸಿದರು, ಕಲ್ಲು ನೆಟ್ಟರು, ಕಲ್ಲು ಕಾಣೆಯಾಯಿತು. ಹಳ್ಳಿಯವರಿಗೆ ಇದು ಹೊಸದೇನಲ್ಲ, ಅಲ್ವಾ? ದಾರಿ ವ್ಯಾಜ್ಯ ಇಲ್ಲದ ಊರು ಯಾವುದಿದೆ?

ಅಪ್ಪ ಇಲ್ಲಿರುವಾಗಲೇ ನಾನು ಓದಲು ಕೂತೆ. ನನಗೆ ಅಚ್ಚರಿಯಾಗಿದ್ದು ಏನೆಂದರೆ, ಈ ಸೀಮೆಯ ಹಳೆಯ ಕಥೆ ನಮ್ಮದೇ ಕಥೆ. ಜರ್ಮನಿಯ ಉತ್ತರ ಭಾಗದಲ್ಲಿ ಬಹಳ ಕಡೆ ಇಡೀ ಜಮೀನು ಒಬ್ಬ ಮಗನಿಗೆ ಹೋಗುತ್ತಿತ್ತು. ಈ ನೈಋತ್ಯ ಭಾಗದಲ್ಲಿ ಬಹುತೇಕ ಹಾಗಲ್ಲ, ಎಲ್ಲ ಮಕ್ಕಳಿಗೂ ಸಮಪಾಲು. ತಲೆಮಾರಿನಿಂದ ತಲೆಮಾರಿಗೆ ಹೊಲಗಳು ಪಟ್ಟಿ ಪಟ್ಟಿಯಾಗಿ ಸೀಳಿದವು. ಒಬ್ಬ ರೈತನಿಗೆ ಊರಿನ ನಾಲ್ಕು ದಿಕ್ಕಿನಲ್ಲಿ ಹತ್ತಾರು ತುಂಡು. ಎಷ್ಟೋ ತುಂಡುಗಳಿಗೆ ದಾರಿಯೇ ಇಲ್ಲ. ಪಕ್ಕದವನು ಬಿತ್ತುವ ಮೊದಲು ನೀನು ಹೋಗಿ ಉಳಬೇಕು, ಅವನು ಕುಯ್ದ ಮೇಲೆ ನೀನು ಕುಯ್ಯಬೇಕು. ಜಗಳ ಇಲ್ಲದೆ ಇರುತ್ತದಾ?

ಇದಕ್ಕೆ ಅವರು ಕಂಡುಕೊಂಡ ಮದ್ದಿನ ಹೆಸರು ಫ್ಲೂರ್‌ಬೆರೈನಿಗುಂಗ್. ಹಳೆಯ ರೂಪಗಳು ಮೊದಲಿಂದ ಇದ್ದವು, ಪಶ್ಚಿಮ ಜರ್ಮನಿಯಲ್ಲಿ ಅದರ ಕಾನೂನು ಬಂದಿದ್ದು 1953ರಲ್ಲಿ. ಇಡೀ ಊರಿನ ಹೊಲಗಳನ್ನು ಕಾಗದದ ಮೇಲೆ ಒಟ್ಟುಗೂಡಿಸುತ್ತಾರೆ. ಮಣ್ಣಿನ ಗುಣ ನೋಡಿ ಬೆಲೆ ಕಟ್ಟುತ್ತಾರೆ. ಆಮೇಲೆ ಪ್ರತಿಯೊಬ್ಬರಿಗೂ ಅವರು ಕೊಟ್ಟಷ್ಟೇ ಬೆಲೆಯ ನೆಲವನ್ನು ಕೆಲವೇ ದೊಡ್ಡ ತುಂಡುಗಳಾಗಿ ವಾಪಸ್ ಕೊಡುತ್ತಾರೆ. ಕೊಡುವ ಮೊದಲು ಎಲ್ಲರ ಪಾಲಿನಿಂದಲೂ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಯಾರ ಹೊಲ ದಾರಿಯ ಪಕ್ಕ ಇದೆ ಅಂತ ನೋಡುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಜಮೀನಿನ ಬೆಲೆಗೆ ತಕ್ಕಂತೆ ಕೊಡಬೇಕು. ಆ ಮುರಿದುಕೊಂಡ ನೆಲದಲ್ಲಿ ದಾರಿ, ಚರಂಡಿ, ಮೋರಿ. ಜಮೀನಿನ ಒಡೆಯರೆಲ್ಲ ಕಾನೂನಿನ ಪ್ರಕಾರ ಒಂದು ಸಂಘದ ಸದಸ್ಯರಾಗುತ್ತಾರೆ, ದಾರಿ ಕಟ್ಟುವುದು ಆ ಸಂಘ, ಸರ್ಕಾರದ ಸಹಾಯಧನ ಇರುತ್ತದೆ. ಕೆಲಸ ಮುಗಿದ ಮೇಲೆ ದಾರಿ ಸಾಮಾನ್ಯವಾಗಿ ಊರಿನ ಆಡಳಿತಕ್ಕೆ ಸೇರುತ್ತದೆ. ಬೇಗ ಮುಗಿಯುವ ಕೆಲಸವಲ್ಲ, ಹತ್ತು ವರ್ಷ ದಾಟುವುದು ಮಾಮೂಲು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಎಲ್ರೂ ಕೊಟ್ರೆ ಕೊಡ್ಬೋದು ಕಣಮ್ಮ. ನೀನೊಬ್ಬನೇ ಕೊಡು ಅಂದ್ರೆ ಯಾವನೂ ಕೊಡಲ್ಲ," ಅಂದರು. ಮರುದಿನ ಮತ್ತೆ ಆ ಗುಡ್ಡಕ್ಕೆ ಹೋಗೋಣ ಅಂದವರು ಅವರೇ. ಈ ಸಲ ದಾರಿ ಪಕ್ಕದ ಮೋರಿಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು.

ಮುಚ್ಚಿಹೋದ ಓಣಿಗಳು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ಕ್ರೈಶ್‌ಗೌ ಮಣ್ಣು ಗಾಳಿ ತಂದು ಸುರಿದ ಮಣ್ಣು. ಹಿಮಯುಗದಲ್ಲಿ ರೈನ್ ಬಯಲಿನಿಂದ ಎದ್ದ ಧೂಳು ಈ ಗುಡ್ಡಗಳ ಮೇಲೆ ಕೂತಿತು, ಎಷ್ಟೋ ಕಡೆ ಹಲವು ಮೀಟರ್ ದಪ್ಪಕ್ಕೆ. ಲೋಸ್ ಅಂತ ಅದರ ಹೆಸರು. ತಿಳಿ ಹಳದಿ, ಬಹಳ ಫಲವತ್ತು. ಕಡಿದರೆ ಮೈಸೂರು ಪಾಕಿನ ಹಾಗೆ ನೆಟ್ಟಗೆ ನಿಲ್ಲುತ್ತದೆ, ಕುಸಿಯುವುದಿಲ್ಲ. ಶತಮಾನಗಳ ಕಾಲ ಎತ್ತಿನ ಬಂಡಿ, ಕುದುರೆ ಗಾಡಿ ಈ ಮಣ್ಣಿನ ಮೇಲೆ ಓಡಿದವು. ಚಕ್ರದ ಕಬ್ಬಿಣದ ಪಟ್ಟಿ ಮಣ್ಣನ್ನು ಪುಡಿ ಮಾಡಿತು, ಮಳೆ ಆ ಪುಡಿಯನ್ನು ತೊಳೆದುಕೊಂಡು ಹೋಯಿತು. ದಾರಿ ಇಳಿಯುತ್ತಾ ಇಳಿಯುತ್ತಾ ಈಗ ಕೆಲವು ಕಡೆ ಎರಡಾಳು ಮೂರಾಳು ಆಳದ ಓಣಿಯಾಗಿದೆ. ಎರಡೂ ಕಡೆ ಮಣ್ಣಿನ ಗೋಡೆ, ಮೇಲೆ ಮರಗಳು ಕೈ ಚಾಚಿ ಮುಚ್ಚಿಕೊಂಡಿರುತ್ತವೆ.

ಕ್ರೈಶ್‌ಟಾಲ್ ಕಡೆ ಇಂಥ ಓಣಿಗಳು ಇನ್ನೂ ಚೆನ್ನಾಗಿ ಉಳಿದಿವೆ. ಜುಲೈನ ಒಂದು ಮಧ್ಯಾಹ್ನ ಮೊದಲ ಸಲ ಅಂಥದ್ದೊಂದರೊಳಗೆ ಇಳಿದೆ. ಮೇಲೆ ಗೋಧಿ ಕಟಾವು ನಡೆದಿತ್ತು. ಧೂಳು, ಬಿಸಿಲು, ಕುತ್ತಿಗೆ ಸುಡುತ್ತಿತ್ತು. ದಾರಿ ಒಂದು ತಿರುವು ತಿರುಗಿ ನೆಲದೊಳಕ್ಕೆ ಹೊಕ್ಕಿತು. ಕೂಡಲೇ ತಂಪು. ಕಟಾವು ಯಂತ್ರದ ಸದ್ದು ಕಡಿಮೆಯಾಯಿತು. ಸೈಕಲ್ ಇಳಿದು ಗೋಡೆಯ ಮೇಲೆ ಕೈ ಇಟ್ಟೆ. ಒಣ ಮಣ್ಣು, ಬೆರಳಿಗೆ ಹಿಟ್ಟಿನಷ್ಟು ನಯ ಪುಡಿ ಅಂಟಿತು. ಗೋಡೆ ತುಂಬ ಸಣ್ಣ ಸಣ್ಣ ತೂತು, ಒಂಟಿ ಜೇನುಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ನಮ್ಮ ಕಳ್ಳಿಪೀರ ಹಕ್ಕಿಯ ಯುರೋಪಿನ ದಾಯಾದಿಗಳೂ ಈಚಿನ ದಶಕಗಳಲ್ಲಿ ಈ ಸೀಮೆಗೆ ಬಂದು ಇಂಥ ಕಡಿದಾದ ಮಣ್ಣನ್ನು ಕೊರೆದು ಗೂಡು ಮಾಡುತ್ತಿವೆ. ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಈ ಗೋಡೆಯನ್ನು ಯಾರೂ ಕಟ್ಟಿಲ್ಲ, ಯಾರೂ ಅಗೆದಿಲ್ಲ. ಹೊಲಕ್ಕೆ ಹೋಗಿ ಮನೆಗೆ ಬಂದವರ ಓಡಾಟವೇ ಇದನ್ನು ಮಾಡಿದೆ.

ಈಗ ನೋವಿನ ವಿಷಯ. ಫ್ಲೂರ್‌ಬೆರೈನಿಗುಂಗ್ ಜೋರಾಗಿ ನಡೆದ ಕಾಲದಲ್ಲಿ ಇಂಥ ಎಷ್ಟೋ ಓಣಿಗಳನ್ನು ಬುಲ್ಡೋಜರ್ ತಂದು ಮುಚ್ಚಿದರು. ದ್ರಾಕ್ಷಿಯ ಹಳೆಯ ಮೆಟ್ಟಿಲು ಹೊಲಗಳನ್ನು ಸಪಾಟು ಮಾಡಿದರು. ಬೇಲಿ ಪೊದೆ ಕಿತ್ತರು. ದೊಡ್ಡ ಯಂತ್ರ ತಿರುಗಲು ಜಾಗ ಬೇಕಿತ್ತು, ಓಣಿ ಅಡ್ಡ ಬರುತ್ತಿತ್ತು. ನಾನು ಖುಷಿಯಿಂದ ಓಡಾಡುವ ಅಗಲವಾದ ಜಲ್ಲಿ ದಾರಿಗಳಲ್ಲಿ ಕೆಲವು ಹೀಗೆ ಹೋದ ಓಣಿಗಳ ಬದಲಿಗೆ ಬಂದವು. ಉಳಿದ ಓಣಿಗಳನ್ನು ಈಗ ಕಾಪಾಡುತ್ತಿದ್ದಾರೆ, ಹಲವಕ್ಕೆ ಕಾನೂನಿನ ರಕ್ಷಣೆಯೂ ಇದೆ. ಹೋದದ್ದು ಹೋಯಿತು. ಒಂದು ಓಣಿ ಅಷ್ಟು ಆಳ ಇಳಿಯಲು ಬೇಕಾದ ಶತಮಾನಗಳನ್ನು ಯಾವ ಯೋಜನೆಯೂ ವಾಪಸ್ ಕೊಡುವುದಿಲ್ಲ. ನಮ್ಮ ಊರುಗಳಲ್ಲೂ ಯಾವತ್ತಾದರೂ ಹೊಲದ ದಾರಿಗಳನ್ನು ಸರಿಪಡಿಸುವ ಕೆಲಸ ಶುರುವಾದರೆ, ಮೊದಲು ಅಲ್ಲಿ ಏನಿದೆ ಅಂತ ನಡೆದು ನೋಡಲಿ ಅಂತ ನನ್ನ ಆಸೆ.

ಜಲ್ಲಿಯೇ ಕಾವಲು

ಈ ಸೀಮೆಗೆ ಇನ್ನೊಂದು ಹೆಮ್ಮೆಯಿದೆ. ಬಾಡನ್ ಸಂಸ್ಥಾನದ ಅರಣ್ಯಾಧಿಕಾರಿಯಾಗಿದ್ದ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ತನ್ನ ಎರಡು ಚಕ್ರದ ಓಟದ ಯಂತ್ರವನ್ನು ಮ್ಯಾನ್‌ಹೈಮ್‌ನಿಂದ ಶ್ವೆಟ್ಸಿಂಗನ್ ಕಡೆಗೆ ಓಡಿಸಿದ. ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದೆಯಬೇಕಿತ್ತು. ಅರಮನೆಗೆ ಹೋಗುವ ಆ ರಸ್ತೆ ಸುತ್ತಮುತ್ತ ಎಲ್ಲಕ್ಕಿಂತ ಚೆನ್ನಾಗಿತ್ತು. ಬೇರೆ ರಸ್ತೆಗಳು ಗಾಡಿ ಜಾಡಿನಿಂದ ಕಿತ್ತುಹೋಗಿದ್ದವು. ಹಾಗಾಗಿ ಜನ ಈ ಹೊಸ ಯಂತ್ರವನ್ನು ಕಾಲುದಾರಿಗೆ ಹತ್ತಿಸಿದರು, ನಡೆಯುವವರಿಗೆ ತೊಂದರೆಯಾಯಿತು, ಅದೇ ವರ್ಷ ಮ್ಯಾನ್‌ಹೈಮ್‌ನಲ್ಲಿ ಅದನ್ನು ಕಾಲುದಾರಿಯಲ್ಲಿ ಓಡಿಸಬಾರದು ಅಂತ ಆಜ್ಞೆ ಬಂತು. 1888ರಲ್ಲಿ ಬೆರ್ಟಾ ಬೆಂಟ್ಸ್, ಕಾರು ಕಂಡುಹಿಡಿದ ತನ್ನ ಗಂಡ ಕಾರ್ಲ್ ಬೆಂಟ್ಸ್‌ನ ಮೋಟಾರು ಗಾಡಿಯನ್ನು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಓಡಿಸಿ, ದಾರಿಯಲ್ಲಿ ನಮ್ಮ ವೀಸ್‌ಲೋಖ್‌ನ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು. ಸೈಕಲ್ಲೂ ಕಾರೂ ಮೊದಲ ದಾರಿ ಕಂಡಿದ್ದು ಇಲ್ಲೇ. ಯಾರು ಎಲ್ಲಿ ಹೋಗಬೇಕು ಅನ್ನುವ ಜಗಳವೂ ಅಷ್ಟೇ ಹಳೆಯದು.

ಅದು ಇನ್ನೂ ಮುಗಿದಿಲ್ಲ. ಕಾಡಿನೊಳಗೆ ಈ ರಾಜ್ಯದಲ್ಲಿ ಎರಡು ಮೀಟರ್ ನಿಯಮ ಇದೆ: ಅದಕ್ಕಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಓಡಿಸುವಂತಿಲ್ಲ. ಬೆಟ್ಟದ ಸೈಕಲ್ಲಿನವರಿಗೆ ಇದರ ಮೇಲೆ ಸಿಟ್ಟಿದೆ. ನನಗೆ ಅಷ್ಟು ತೊಂದರೆಯಿಲ್ಲ, ಮರದ ಲಾರಿಗಾಗಿ ಮಾಡಿದ ಅಗಲವಾದ ಜಲ್ಲಿ ದಾರಿಗಳು ಬೇಕಾದಷ್ಟಿವೆ. ಕಾಡಿನಲ್ಲಿ ನಿಧಾನವಾಗಿ ನಡೆಯುವ ಅಜ್ಜಿಗೆ ಹೆದರಿಕೆ ಇಲ್ಲದ ಒಂದು ದಾರಿ ಇರಬೇಕು ಅನ್ನುವುದೂ ನ್ಯಾಯವೇ.

ನನಗೆ ಚಿಂತೆ ಇರುವುದು ಡಾಂಬರಿನ ಬಗ್ಗೆ. ಹೊಲದ ದಾರಿಗಳಲ್ಲಿ ಎಷ್ಟೋ ಹಳೆಯವಾಗಿವೆ. ಆಗಿನ ಟ್ರ್ಯಾಕ್ಟರಿನ ತೂಕಕ್ಕೆ ಕಟ್ಟಿದ್ದು, ಈಗಿನ ಯಂತ್ರಗಳು ಬಹಳ ಭಾರ, ಅಂಚು ಕುಸಿಯುತ್ತದೆ. ರಿಪೇರಿ ಮಾಡುವಾಗ ಡಾಂಬರು ಹಾಕಿಬಿಡೋಣ, ಸೈಕಲ್ಲಿಗೂ ಅನುಕೂಲ ಅಂತ ಮಾತು ಬರುತ್ತದೆ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗೆ, ಮಗುವನ್ನು ಹಿಂದೆ ಕೂರಿಸಿಕೊಂಡವರಿಗೆ ಅದು ಒಳ್ಳೆಯದೇ, ಊರಿಂದ ಊರಿಗೆ ಅಂಥದ್ದು ಒಂದಾದರೂ ಬೇಕು. ಆದರೆ ಎಲ್ಲ ಕಡೆ ಬೇಡ. ಡಾಂಬರು ಬಿದ್ದ ಕಡೆ ಬೋರ್ಡು ಇದ್ದರೂ ಬೆಳಿಗ್ಗೆ ಎಂಟು ಗಂಟೆಗೆ ಟ್ರಾಫಿಕ್ ತಪ್ಪಿಸಿಕೊಳ್ಳುವ ಕಾರುಗಳು ನುಸುಳುವುದನ್ನು ನೋಡಿದ್ದೇನೆ. ಜಲ್ಲಿ ದಾರಿಯಲ್ಲಿ ಹಾಗಾಗುವುದಿಲ್ಲ. ಹೊಸ ಕಾರಿನ ಬಣ್ಣಕ್ಕೆ ಕಲ್ಲು ಸಿಡಿಯುತ್ತದೆ ಅಂತ ಅವರೇ ಬರುವುದಿಲ್ಲ. ಜಲ್ಲಿ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಕಮ್ಮಿ ಸುಡುತ್ತದೆ, ಸೈಕಲ್ಲಿನವರನ್ನೂ ನಿಧಾನ ಮಾಡುತ್ತದೆ. 40, 45 ಮಿಲಿಮೀಟರ್ ಅಗಲದ ಟೈರು ಹಾಕಿ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಕೈ ನಡುಗುವುದೂ ಇಲ್ಲ. ಸೈಕಲ್ ಪ್ರಿಯರೇ ಮುಂದೆ ನಿಂತು ಡಾಂಬರು ಬೇಡ ಅನ್ನಬೇಕಾದ ದಾರಿಗಳೂ ಇವೆ ಅಂತ ನಾನು ನಂಬುತ್ತೇನೆ.

ಟ್ರ್ಯಾಕ್ಟರ್ ಬಂದಾಗ ಪೂರ್ತಿ ಇಳಿದು ಹುಲ್ಲಿನ ಮೇಲೆ ನಿಲ್ಲಿ. ಇದು ನಾನು ಹೊಸಬರಿಗೆ ಮೊದಲು ಹೇಳುವ ಮಾತು. ಅವರು ಕೆಲಸದಲ್ಲಿದ್ದಾರೆ, ನಾವು ರಜೆಯಲ್ಲಿದ್ದೇವೆ. ಅವರ ಅಜ್ಜನ ಹೊಲದ ಒಂದು ಪಾಲು ನಮ್ಮ ಚಕ್ರದ ಕೆಳಗಿದೆ.

ಬರುವುದಾದರೆ ಮೊದಲ ಸಲಕ್ಕೆ ಹೀಗೆ ಮಾಡಿ. ಹೈಡೆಲ್‌ಬರ್ಗ್‌ನಿಂದ ಎಸ್5 ರೈಲಿನಲ್ಲಿ ಸಿನ್ಸ್‌ಹೈಮ್‌ಗೆ ಬಂದು ಇಳಿಯಿರಿ. ಅಲ್ಲಿಂದ ವೈಲರ್ ಹಳ್ಳಿಯ ಮೇಲಿರುವ ಸ್ಟೈನ್ಸ್‌ಬರ್ಗ್ ಕೋಟೆಗೆ ಹತ್ತಿ. ಎತ್ತರ 333 ಮೀಟರ್, ಹಳೆಯ ಜ್ವಾಲಾಮುಖಿಯ ಗುಡ್ಡ, ಎಂಟು ಮೂಲೆಯ ಗೋಪುರ. ಎಲ್ಲಿಂದ ನೋಡಿದರೂ ಕಾಣುತ್ತದೆ ಅಂತ ಇದನ್ನು ಕ್ರೈಶ್‌ಗೌನ ದಿಕ್ಸೂಚಿ ಅನ್ನುತ್ತಾರೆ, ದಾರಿ ತಪ್ಪಿದರೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅಲ್ಲಿಂದ ನೈಋತ್ಯಕ್ಕೆ ಹಿಲ್ಸ್‌ಬಾಖ್, ಆಮೇಲೆ ಕಾಡು ಹೊಲ ದಾಟಿ ಎಪ್ಪಿಂಗನ್. ಒಟ್ಟು 20 ಕಿಲೋಮೀಟರ್ ಆಸುಪಾಸು. ಎಪ್ಪಿಂಗನ್‌ನಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳ ಮಧ್ಯೆ ಕೂತು ಏನಾದರೂ ತಿನ್ನಿ, ಅದೇ ಎಸ್5 ಅಲ್ಲಿಂದ ವಾಪಸ್ ಕರೆತರುತ್ತದೆ. ಮೇ, ಜೂನ್ ಒಳ್ಳೆಯದು. ಸೆಪ್ಟೆಂಬರ್ ಇನ್ನೂ ಒಳ್ಳೆಯದು, ದ್ರಾಕ್ಷಿ ಕೊಯ್ಲಿನ ಕಾಲ. ಅಕ್ಟೋಬರ್ ನಂತರ ಸಕ್ಕರೆ ಬೀಟ್ ಕಿತ್ತು ಸಾಗಿಸುವಾಗ ದಾರಿಯೆಲ್ಲ ಕೆಸರಾಗುತ್ತದೆ, ಲೋಸ್ ಮಣ್ಣು ಒದ್ದೆಯಾದರೆ ಚಕ್ರಕ್ಕೆ ಮೆತ್ತಿಕೊಂಡು ಮುಂದೆ ಹೋಗಲು ಬಿಡುವುದಿಲ್ಲ. ಮಳೆ ನಿಂತು ಎರಡು ದಿನ ಬಿಟ್ಟು ಹೊರಡಿ.